ತೊಗರಿಯ ಎರಡು ಸೀಮೆ: ಆಳಂದದ ಎರೆಭೂಮಿಯ ಕಡೆಯಿಂದ ಮಲಾವಿ ದೇಶದ ಒಂದು ಅಧ್ಯಯನ

ಸಾರಾಂಶ

ಆಗ್ನೇಯ ಆಫ್ರಿಕಾದ ಸಣ್ಣ ದೇಶ ಮಲಾವಿಯ ಭೂಗೋಳ, ಜನಜೀವನ, ಆಡಳಿತ ಮತ್ತು ಅರ್ಥವ್ಯವಸ್ಥೆಯನ್ನು ಈ ಲೇಖನ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೊಗರಿ ಸೀಮೆಯ ಪಕ್ಕದಲ್ಲಿಟ್ಟು ಪರಿಶೀಲಿಸುತ್ತದೆ. ಈ ಎರಡೂ ಕಡೆ ಮಳೆಯನ್ನೇ ನಂಬಿದ ಸಣ್ಣ ಹಿಡುವಳಿಯ ರೈತರು ಬೆಳೆಯುವ ತೊಗರಿ ಕೊನೆಗೆ ಸೇರುವುದು ಒಂದೇ ಮಾರುಕಟ್ಟೆಯನ್ನು. ಮಲಾವಿಗೆ ತನ್ನದೇ ಧ್ವಜ, ಸಂಸತ್ತು, ನ್ಯಾಯಾಲಯಗಳಿವೆ. ಆದರೆ ಅದರ ತೊಗರಿಯ ಬೆಲೆ ನಿಂತಿರುವುದು ದಿಲ್ಲಿಯ ಅಧಿಸೂಚನೆಯ ಮೇಲೆ. ಕಲಬುರಗಿ ಒಂದು ಜಿಲ್ಲೆ ಮಾತ್ರ. ಆದರೆ ಆ ಅಧಿಸೂಚನೆ ಹೊರಡಿಸುವ ಸರ್ಕಾರವನ್ನು ಆರಿಸುವ ಮತ ಅದರ ರೈತನ ಕೈಯಲ್ಲಿದೆ. ಬೆಳೆಗಾರನ ಅಪಾಯ ಎಷ್ಟೆಂಬುದನ್ನು ನಿರ್ಧರಿಸುವಲ್ಲಿ ಮಣ್ಣು ಮತ್ತು ಇಳುವರಿಗಿಂತ ಈ ರಾಜಕೀಯ ಅಂತರದ ಪಾತ್ರ ದೊಡ್ಡದು ಎಂಬುದು ಲೇಖನದ ವಾದ.

ಕೀಲಿಪದಗಳು: ಮಲಾವಿ, ಕಲಬುರಗಿ, ತೊಗರಿ, ಆಮದು ನೀತಿ, ಬೆಂಬಲ ಬೆಲೆ, ಜಹಗೀರು, ತಂಗಾಟ

1. ಪ್ರಸ್ತಾವನೆ

ಕಲಬುರಗಿಗೂ ಆಫ್ರಿಕಾಕ್ಕೂ ಇರುವ ನಂಟನ್ನು ನಮ್ಮ ಇತಿಹಾಸಕಾರರು ಸಾಮಾನ್ಯವಾಗಿ ಬಹಮನಿ ಮತ್ತು ಆದಿಲಶಾಹಿ ಕಾಲದ ಹಬ್ಶಿ ಸರದಾರರಲ್ಲಿ ಗುರುತಿಸುತ್ತಾರೆ. ಅದು ಸೈನ್ಯದ ಮತ್ತು ದರ್ಬಾರಿನ ನಂಟು. ಈಗಿನ ನಂಟು ಅಡತಿ ಅಂಗಡಿಯದು. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರಿನಲ್ಲಿ ತೊಗರಿ ರಾಶಿಯಾಗುವುದು ಡಿಸೆಂಬರ್–ಜನವರಿಯಲ್ಲಿ. ಅದಕ್ಕೂ ಕೆಲವು ತಿಂಗಳು ಮೊದಲು, ಆಗಸ್ಟ್‌ನಿಂದ ನವೆಂಬರ್‌ವರೆಗೆ, ಮಲಾವಿ, ಮೊಜಾಂಬಿಕ್ ಮತ್ತು ತಾಂಜಾನಿಯಾದ ತೊಗರಿ ಭಾರತದ ಬಂದರುಗಳಿಗೆ ಬಂದು ಇಳಿಯುತ್ತದೆ. ಹೀಗಾಗಿ ಕಲಬುರಗಿ ಎಪಿಎಂಸಿಯ ಧಾರಣೆಯನ್ನು ಅರ್ಥ ಮಾಡಿಕೊಳ್ಳಲು ಭೀಮಾ ತೀರದ ಮಳೆಯ ಲೆಕ್ಕ ಸಾಲದು. ಸಾವಿರಾರು ಕಿಲೋಮೀಟರ್ ಆಚೆಯ ಶಿರೆ ನದಿಯ ಬಯಲಿನ ಮಳೆಯ ಲೆಕ್ಕವೂ ಬೇಕು.

ಆದರೂ ಕನ್ನಡದ ಕೃಷಿ ಚರ್ಚೆಯಲ್ಲಿ ಆಫ್ರಿಕಾ ಕಾಣಿಸಿಕೊಳ್ಳುವುದು ‘ಆಮದು ತೊಗರಿ’ ಎಂಬ ಎರಡು ಪದಗಳಲ್ಲಿ ಮಾತ್ರ. ಅದನ್ನು ಬೆಳೆದವರು ಯಾರು, ಅವರ ಹೊಲ ಎಷ್ಟು, ಅವರನ್ನು ಆಳುವವರು ಯಾರು, ಅವರಿಗೆ ಸಿಗುವುದೇನು ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಆಮದು ಬೆಲೆ ಇಳಿಸುತ್ತದೆ ಎಂಬ ನಮ್ಮ ರೈತ ಸಂಘಟನೆಗಳ ದೂರಿನಲ್ಲಿ ಹುರುಳಿದೆ. ಆದರೆ ಆ ದೂರು ಪ್ರತಿಸ್ಪರ್ಧಿಯನ್ನು ತಪ್ಪು ಜಾಗದಲ್ಲಿ ಹುಡುಕುವ ಸಾಧ್ಯತೆಯೂ ಇದೆ. ಆ ಪ್ರಶ್ನೆಗಳನ್ನು ಕೇಳದ ಕೊರತೆಯನ್ನು ಸ್ವಲ್ಪವಾದರೂ ತುಂಬುವುದು ಇಲ್ಲಿನ ಪ್ರಯತ್ನ. ಪೂರ್ವ ಆಫ್ರಿಕಾದ ತೊಗರಿ ದೇಶಗಳ ಪೈಕಿ ಮಲಾವಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅದು ಸಣ್ಣದು, ಅದಕ್ಕೆ ಸಮುದ್ರವಿಲ್ಲ, ಅದರ ರಫ್ತು ಬೆರಳೆಣಿಕೆಯ ಬೆಳೆಗಳನ್ನು ನಂಬಿದೆ. ಸಣ್ಣ ದೇಶದ ಸಾರ್ವಭೌಮತ್ವ ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

2. ನೆಲ, ನೀರು, ಹಂಗಾಮು

ಮಲಾವಿಯ ಒಟ್ಟು ವಿಸ್ತೀರ್ಣ 1,18,484 ಚದರ ಕಿ.ಮೀ.; ಕರ್ನಾಟಕದ ಸುಮಾರು ಐದನೇ ಮೂರು ಭಾಗ. ಇದರಲ್ಲಿ ಐದನೇ ಒಂದು ಭಾಗ ನೀರು. ಪೂರ್ವ ಆಫ್ರಿಕಾದ ಮಹಾಬಿರುಕು ಕಣಿವೆಯ ದಕ್ಷಿಣ ತುದಿಯಲ್ಲಿ, ಉತ್ತರ–ದಕ್ಷಿಣವಾಗಿ ಸುಮಾರು 580 ಕಿ.ಮೀ. ಚಾಚಿಕೊಂಡ ಮಲಾವಿ ಸರೋವರ ದೇಶದ ಪೂರ್ವ ಅಂಚನ್ನು ತುಂಬಿದೆ. ಸರೋವರದ ದಕ್ಷಿಣ ಕೊನೆಯಿಂದ ಹೊರಡುವ ಶಿರೆ ನದಿ ಎತ್ತರದ ನಾಡಿನಿಂದ ಧುಮುಕಿ ಝಾಂಬೆಜಿಯನ್ನು ಸೇರುತ್ತದೆ. ಹೀಗೆ ಧುಮುಕುವ ಜಾಗದಲ್ಲಿರುವ ನ್ಕುಲಾ, ತೆದ್ಜಾನಿ, ಕಪಿಚಿರಾ ಕೇಂದ್ರಗಳೇ ದೇಶದ ವಿದ್ಯುತ್ತಿನ ಮುಖ್ಯ ಆಸರೆ. ಆಗ್ನೇಯದಲ್ಲಿ ಮುಲಾಂಜೆ ಪರ್ವತ 3,002 ಮೀಟರ್ ಎತ್ತರಕ್ಕೆ ಏರುತ್ತದೆ. ತಾಂಜಾನಿಯಾ, ಝಾಂಬಿಯಾ, ಮೊಜಾಂಬಿಕ್ ಸುತ್ತುವರಿದ ಈ ದೇಶದ ಸರಕು ಸಮುದ್ರ ಮುಟ್ಟಬೇಕಾದರೆ ಮೊಜಾಂಬಿಕ್‌ನ ನಕಾಲಾ ಅಥವಾ ಬೈರಾ ಬಂದರಿಗೋ, ತಾಂಜಾನಿಯಾದ ದಾರ್ ಎಸ್ ಸಲಾಮ್‌ಗೋ ಹೋಗಬೇಕು. ಆ ಸಾಗಣೆಯ ವೆಚ್ಚವೆಲ್ಲ ಕೊನೆಗೆ ರೈತನಿಗೆ ಸಿಗುವ ಬೆಲೆಯಿಂದಲೇ ಕಳೆಯುತ್ತದೆ.

ಕಲಬುರಗಿ ಜಿಲ್ಲೆಯ ವಿಸ್ತೀರ್ಣ 10,951 ಚದರ ಕಿ.ಮೀ. ಅಂಥ ಹತ್ತು ಜಿಲ್ಲೆ ಸೇರಿದರೆ ಮಲಾವಿಗಿಂತ ತುಸು ಕಡಿಮೆ. ದಖ್ಖನಿನ ಬಸಾಲ್ಟ್ ಕಲ್ಲು ಸವೆದು ಉಂಟಾದ ಎರೆಭೂಮಿ ಆಳಂದ, ಅಫಜಲಪುರ, ಜೇವರ್ಗಿಗಳ ಬಹುಭಾಗವನ್ನು ಆವರಿಸಿದೆ. ಭೀಮಾ ನದಿ ಅಫಜಲಪುರದ ಮೂಲಕ ಹರಿದು ಜೇವರ್ಗಿಯನ್ನು ದಕ್ಷಿಣಕ್ಕೆ ಬಿಟ್ಟು ಮುಂದೆ ಸಾಗುತ್ತದೆ. ಆಳಂದದ ಅಮರ್ಜಾ ನದಿ ಗಾಣಗಾಪುರದ ಬಳಿಯ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. ವರ್ಷಕ್ಕೆ ಸರಾಸರಿ 750 ಮಿ.ಮೀ. ಆಸುಪಾಸಿನ ಮಳೆ, ಅದೂ ಜೂನ್‌ನಿಂದ ಅಕ್ಟೋಬರ್‌ವರೆಗೆ. ಮುಂಗಾರಿನ ನೀರನ್ನು ಹಿಡಿದಿಟ್ಟು ಚಳಿಗಾಲಕ್ಕೆ ಕೊಡುವ ಎರೆಭೂಮಿಯ ಗುಣವೇ ಆಳಕ್ಕೆ ಬೇರು ಬಿಡುವ ತೊಗರಿಗೆ ಆಧಾರ. 2019ರಲ್ಲಿ ‘ಗುಲ್ಬರ್ಗಾ ತೊಗರಿ ಬೇಳೆ’ಗೆ ಭೌಗೋಳಿಕ ಗುರುತು ಸಿಕ್ಕಿದ್ದು ಈ ಮಣ್ಣಿನ ಗುಣವನ್ನು ಮುಂದಿಟ್ಟೇ.

ಮಲಾವಿಯ ಮಳೆಗಾಲ ಒಂದೇ: ನವೆಂಬರ್‌ನಿಂದ ಏಪ್ರಿಲ್. ದಕ್ಷಿಣ ಪ್ರಾಂತ್ಯದ ಫಲೊಂಬೆ, ಚಿರಾಡ್ಜುಲು, ಮುಲಾಂಜೆ, ಥ್ಯೋಲೋ, ಝೋಂಬಾ, ಮಚಿಂಗಾ ಜಿಲ್ಲೆಗಳಲ್ಲಿ ತೊಗರಿಯನ್ನು ಅಲ್ಲಿಯವರ ಮಾತಿನಲ್ಲಿ ‘ನಾಂಡೋಲೋ’ ಎನ್ನುತ್ತಾರೆ. ಅಲ್ಲಿ ಅದು ಒಂಟಿ ಬೆಳೆಯಲ್ಲ. ಮೆಕ್ಕೆಜೋಳದ ದಿಂಡುಗಳ ನಡುವಿನ ಮಿಶ್ರ ಬೆಳೆ. ನವೆಂಬರ್–ಡಿಸೆಂಬರಿನಲ್ಲಿ ಎರಡನ್ನೂ ಒಟ್ಟಿಗೆ ಬಿತ್ತುತ್ತಾರೆ. ಏಪ್ರಿಲ್ ಹೊತ್ತಿಗೆ ಮೆಕ್ಕೆಜೋಳ ಮನೆ ಸೇರುತ್ತದೆ. ತೊಗರಿ ಉಳಿದ ತೇವದಲ್ಲಿ ನಿಧಾನವಾಗಿ ಬೆಳೆದು ಜುಲೈನಿಂದ ಸೆಪ್ಟೆಂಬರ್‌ವರೆಗೆ ಕೊಯ್ಲಿಗೆ ಬರುತ್ತದೆ. ಕೊಯ್ಲಿನ ನಂತರ ಉಳಿಯುವ ಕಟ್ಟಿಗೆ ಅಲ್ಲೂ ಒಲೆಗೆ ಹೋಗುತ್ತದೆ, ಇಲ್ಲೂ ಒಲೆಗೆ ಹೋಗುತ್ತದೆ. ಒಂದು ವ್ಯತ್ಯಾಸ ಗಮನಾರ್ಹ. ನಮ್ಮಲ್ಲಿ ಹೆಸರು, ಉದ್ದು, ಸಜ್ಜೆಗಳ ಜೊತೆ ತೊಗರಿ ಬೆಳೆಯುವ ಪದ್ಧತಿ ಕುಗ್ಗಿ ಇಡೀ ಹೊಲಕ್ಕೆ ತೊಗರಿಯೊಂದನ್ನೇ ಬಿತ್ತುವ ರೂಢಿ ಹೆಚ್ಚಿದೆ. ಕಲಬುರಗಿ ಜಿಲ್ಲೆಯೊಂದರಲ್ಲೇ ಇತ್ತೀಚಿನ ವರ್ಷಗಳಲ್ಲಿ ತೊಗರಿ ಬಿತ್ತನೆ 6 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಬಂದಿದೆ. ಇಡೀ ಮಲಾವಿಯ ತೊಗರಿ ಪ್ರದೇಶದ ಅಂದಾಜು ಎರಡರಿಂದ ಎರಡೂವರೆ ಲಕ್ಷ ಹೆಕ್ಟೇರ್. ಒಂದು ದೇಶಕ್ಕಿಂತ ಒಂದು ಜಿಲ್ಲೆಯ ಬೆಳೆ ದೊಡ್ಡದು.

ಹಾಗೆಂದು ಎಲ್ಲೆಡೆ ತೊಗರಿಯೇ ಇದೆಯೆಂದಲ್ಲ. ನೀರು ಸಿಕ್ಕ ಕಡೆ ಕಬ್ಬು ಕಾಲಿಡುವುದು ಎರಡೂ ಸೀಮೆಗಳ ಲಕ್ಷಣ. ಸೊನ್ನ ಬ್ಯಾರೇಜು ಮತ್ತು ಅಮರ್ಜಾ ಅಣೆಕಟ್ಟಿನ ಆಸುಪಾಸು, ಅಫಜಲಪುರ ತಾಲ್ಲೂಕಿನ ಹವಳಗಾ ಮತ್ತು ಆಳಂದ ತಾಲ್ಲೂಕಿನ ಭೂಸನೂರಿನ ಸಕ್ಕರೆ ಕಾರ್ಖಾನೆಗಳ ಸುತ್ತ ಕಬ್ಬು ಹಬ್ಬಿದೆ. ಜೇವರ್ಗಿಯ ಕಾಲುವೆ ಪ್ರದೇಶದಲ್ಲಿ ಹತ್ತಿ, ಭತ್ತ ಬಂದಿವೆ. ಮಲಾವಿಯಲ್ಲೂ ಶಿರೆ ಕೆಳಬಯಲಿನ ನ್ಚಾಲೋ ಮತ್ತು ಸರೋವರ ತೀರದ ದ್ವಾಂಗ್ವಾದಲ್ಲಿ ನೀರಾವರಿ ಕಬ್ಬಿನ ತೋಟಗಳಿವೆ. ಕಬ್ಬಿಗೆ ಕಾರ್ಖಾನೆಯ ಒಪ್ಪಂದವಿದೆ. ತೊಗರಿಗೆ ಎರಡೂ ಕಡೆ ಪೇಟೆಯ ದಿನದ ಧಾರಣೆಯೇ ಗತಿ.

3. ಬೀಜ ಮತ್ತು ರೋಗ

ತೊಗರಿಯ ಮೂಲ ನೆಲೆ ಭಾರತ; ಆಫ್ರಿಕಾಕ್ಕೆ ಅದು ಬಹು ಹಿಂದೆ ವಲಸೆ ಹೋಗಿ ಅಲ್ಲಿಯದೇ ಆದ ತಳಿಗಳನ್ನು ಪಡೆಯಿತು. ಇತ್ತೀಚಿನ ಕಾಲದಲ್ಲಿ ಈ ಎರಡು ಸೀಮೆಗಳನ್ನು ಮತ್ತೆ ಹತ್ತಿರ ತಂದದ್ದು ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್. ನೆಟೆ ರೋಗ ಎರಡೂ ಕಡೆಯ ಶತ್ರು. ಹೂ ಬಿಡುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಶಿಲೀಂಧ್ರ ಮಣ್ಣಿನಲ್ಲೇ ಉಳಿಯುವುದರಿಂದ ಮರುವರ್ಷ ಅದೇ ಹೊಲದಲ್ಲಿ ತೊಗರಿ ಬಿತ್ತಿದರೆ ಮತ್ತೆ ಅದೇ ಹಾನಿ. ಇಕ್ರಿಸ್ಯಾಟ್ ಆಯ್ದ ನೆಟೆ ನಿರೋಧಕ ತಳಿ ಐಸಿಪಿ 8863 ‘ಮಾರುತಿ’ ಎಂಬ ಹೆಸರಿನಲ್ಲಿ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಗಿ ಕಲಬುರಗಿಯ ಹೊಲಗಳನ್ನು ವ್ಯಾಪಿಸಿತು. ಮರುವರ್ಷ, 1987ರಲ್ಲಿ, ಅದೇ ಸಂಸ್ಥೆಯ ಐಸಿಪಿ 9145 ಮಲಾವಿಯಲ್ಲಿ ಬಿಡುಗಡೆಯಾಯಿತು. ಮುಂದೆ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಟಿಎಸ್–3ಆರ್, ಜಿಆರ್‌ಜಿ–811 ತಳಿಗಳು ಬಂದವು. ಮಲಾವಿಯಲ್ಲಿ ಕಚಾಂಗು, ಮ್ವಾಯ್ವಥುಅಲಿಮಿ ತಳಿಗಳು ಹರಡಿದವು.

ಬೀಜದ ನಂಟು ಇದ್ದರೂ ರೋಗದ ಎದುರು ಸಿಗುವ ನೆರವು ಒಂದೇ ಅಲ್ಲ. 1997–98ರಲ್ಲಿ ಕಾಯಿಕೊರಕ ಹುಳು ಕಲಬುರಗಿ ಸೀಮೆಯ ತೊಗರಿಯನ್ನು ಹಾಳುಗೆಡವಿ ರೈತರ ಆತ್ಮಹತ್ಯೆಗಳಿಗೆ ದಾರಿಯಾದಾಗ ಅದು ರಾಜ್ಯದ ರಾಜಕೀಯ ಪ್ರಶ್ನೆಯಾಯಿತು. ಗಿಡ ಅಲುಗಾಡಿಸಿ ಹುಳುಗಳನ್ನು ಬಟ್ಟೆಯ ಮೇಲೆ ಉದುರಿಸಿ ಕೊಲ್ಲುವ ರೈತರ ಪದ್ಧತಿಯನ್ನು ವಿಜ್ಞಾನಿಗಳೂ ಒಪ್ಪಿ ಪ್ರಚಾರ ಮಾಡಿದರು. 2022–23ರಲ್ಲಿ ನೆಟೆ ರೋಗ ವ್ಯಾಪಕವಾದಾಗ ಪರಿಹಾರಕ್ಕಾಗಿ ಪ್ರತಿಭಟನೆ ನಡೆಯಿತು. ಸರ್ಕಾರ ಪರಿಹಾರ ಘೋಷಿಸಿತು. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ಮಲಾವಿಯ ದಕ್ಷಿಣ ಜಿಲ್ಲೆಗಳನ್ನು, ಅಂದರೆ ತೊಗರಿ ಸೀಮೆಯನ್ನೇ, ಕೊಚ್ಚಿಹಾಕಿತು. ಮರುವರ್ಷ ಎಲ್ ನಿನೋ ಬರ ಬಂತು. ಅಲ್ಲಿನ ನೆರವು ಬಹುಮಟ್ಟಿಗೆ ವಿದೇಶಿ ದಾನಿಗಳ ಮತ್ತು ವಿಶ್ವಸಂಸ್ಥೆಯ ಆಹಾರ ಚೀಟಿಯ ರೂಪದ್ದು. ಅದು ಹಸಿವನ್ನು ತಣಿಸಿತು. ಬೆಳೆಯ ನಷ್ಟವನ್ನು ಭರಿಸುವುದು ಅದರ ಉದ್ದೇಶವಾಗಿರಲಿಲ್ಲ.

4. ಜನ ಮತ್ತು ಹೊಲದ ಹಕ್ಕು

2018ರ ಜನಗಣತಿಯಂತೆ ಮಲಾವಿಯ ಜನಸಂಖ್ಯೆ 1,75,63,749. ಇವರಲ್ಲಿ ಪಟ್ಟಣವಾಸಿಗಳು ಶೇ 16 ಮಾತ್ರ. ಮೂರು ಪ್ರಾಂತ್ಯಗಳಲ್ಲಿ ದಕ್ಷಿಣವೇ ಅತಿ ದಟ್ಟ. ಅಲ್ಲಿ ಬಹುಪಾಲು ಕುಟುಂಬಗಳ ಹೊಲ ಒಂದು ಹೆಕ್ಟೇರನ್ನೂ ಮುಟ್ಟುವುದಿಲ್ಲ. ಇಷ್ಟು ಕಿರಿದಾದ ಹೊಲದಲ್ಲಿ ಊಟದ ಮೆಕ್ಕೆಜೋಳವನ್ನು ಬಿಟ್ಟುಕೊಡಲಾಗದು. ತೊಗರಿ ಅದರ ಸಾಲುಗಳ ನಡುವೆಯೇ ಇರುವುದಕ್ಕೆ ಇದೂ ಕಾರಣ. ಚೇವಾ, ಲೋಮ್ವೆ, ಯಾವೋ, ನ್ಗೋನಿ, ತುಂಬುಕಾ ಮುಖ್ಯ ಸಮುದಾಯಗಳು. ಯಾವೋ ಜನರಲ್ಲಿ ಹೆಚ್ಚಿನವರು ಮುಸ್ಲಿಮರು. ಉಳಿದ ಸಮುದಾಯಗಳಲ್ಲಿ ಕ್ರೈಸ್ತರು ಹೆಚ್ಚು. 1968ರಲ್ಲಿ ಚಿಚೇವಾ ರಾಷ್ಟ್ರಭಾಷೆಯಾಯಿತು. ಕಚೇರಿ, ಕೋರ್ಟುಗಳ ಭಾಷೆ ಇಂಗ್ಲಿಷೇ ಆಗಿ ಉಳಿಯಿತು. ಜನರ ಮಾತು ಒಂದು, ಕಾಗದಪತ್ರದ ಭಾಷೆ ಇನ್ನೊಂದು ಎಂಬ ಸ್ಥಿತಿ ನಿಜಾಮರ ಕಾಲದ ಉರ್ದು ಆಡಳಿತವನ್ನು ಕಂಡ ಕಲಬುರಗಿಗೆ ಹೊಸದಲ್ಲ.

ಕನ್ನಡ ಓದುಗರಿಗೆ ವಿಶೇಷ ಆಸಕ್ತಿಯ ಸಂಗತಿ ಹೊಲದ ಹಕ್ಕಿನದು. ಮಧ್ಯ ಮತ್ತು ದಕ್ಷಿಣ ಮಲಾವಿಯ ಚೇವಾ, ಯಾವೋ, ಲೋಮ್ವೆ ಸಮುದಾಯಗಳಲ್ಲಿ ಹೊಲ ತಾಯಿಯ ಕಡೆಯಿಂದ ಇಳಿದು ಬರುತ್ತದೆ. ಮದುವೆಯಾದ ಗಂಡು ಹೆಂಡತಿಯ ಊರಿಗೆ ಹೋಗಿ ನೆಲೆಸುವುದು ರೂಢಿ. ಹೊಲ ಅವಳ ತವರಿನದು. ತುಳುನಾಡಿನ ಅಳಿಯ ಸಂತಾನವನ್ನು ಬಲ್ಲವರಿಗೆ ಈ ಏರ್ಪಾಡಿನ ಸೂಕ್ಷ್ಮ ಬೇಗ ತಿಳಿಯುತ್ತದೆ. ಆಸ್ತಿ ಹೆಣ್ಣಿನ ದಾರಿಯಲ್ಲಿ ಇಳಿದರೂ ಯಜಮಾನಿಕೆ ಅನೇಕ ವೇಳೆ ಸೋದರಮಾವನ ಕೈಯಲ್ಲಿರುತ್ತದೆ. ಹಾಗಿದ್ದರೂ ತೊಗರಿ ಕೊಯ್ದು ಒಣಗಿಸಿ ಸಣ್ಣ ಪ್ರಮಾಣದಲ್ಲಿ ಮಾರುವ ಕೆಲಸದಲ್ಲಿ ಹೆಂಗಸರದೇ ಮುಂದಾಳ್ತನ. ಆಳಂದ ಸೀಮೆಯಲ್ಲಿ ಸದೆ ಕಿತ್ತು, ಕುಡಿ ಚಿವುಟಿ, ಕಟಾವು ಮಾಡುವವರೂ ಹೆಂಗಸರೇ. ಆದರೆ ಪಹಣಿಯಲ್ಲಿ ಹೆಸರು ಬಹುಪಾಲು ಗಂಡಸಿನದು, ಅಡತಿ ಅಂಗಡಿಯ ಪಟ್ಟಿ ಅವನ ಕೈಗೇ ಬರುತ್ತದೆ.

ಕಲಬುರಗಿ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 25,66,326. ಅಕ್ಕಲಕೋಟೆ, ಉಮರ್ಗಾ ಗಡಿಗೆ ತಾಗಿದ ಆಳಂದದಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ತಾಂಡಾಗಳ ಲಂಬಾಣಿ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಲಾಡ್ಲೆ ಮಶಾಕ್ ದರ್ಗಾ, ಗಾಣಗಾಪುರದ ದತ್ತ ಕ್ಷೇತ್ರ, ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರ ಪರಂಪರೆ ಈ ಸೀಮೆಯ ಜನಜೀವನವನ್ನು ಹೆಣೆದಿವೆ. ಮಳೆ ಕೈಕೊಟ್ಟ ವರ್ಷ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವುದು ಇಲ್ಲಿಯ ಹಳೆಯ ಕಥೆ. ಮಲಾವಿಯ ಗಂಡಸರು ಗುಳೆ ಹೋಗುತ್ತಿದ್ದುದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ. 1974ರಲ್ಲಿ ಗಣಿ ಕಾರ್ಮಿಕರನ್ನು ಹೊತ್ತ ವಿಮಾನ ಬೋಟ್ಸ್ವಾನಾದ ಫ್ರಾನ್ಸಿಸ್‌ಟೌನ್ ಬಳಿ ಅಪಘಾತಕ್ಕೀಡಾಗಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತ ಮೇಲೆ ಸರ್ಕಾರ ಆ ನೇಮಕಾತಿಯನ್ನೇ ತಡೆಹಿಡಿಯಿತು. ಊರಿಗೆ ಮರಳಿದವರಿಗೆ ಸಿಕ್ಕಿದ್ದು ಖಾಸಗಿ ಎಸ್ಟೇಟುಗಳ ಕೂಲಿ.

5. ಆಡಳಿತ: ಒಡೆತನದಿಂದ ಮತಪೆಟ್ಟಿಗೆಗೆ

ಬ್ರಿಟನ್ 1891ರಲ್ಲಿ ಈ ಪ್ರದೇಶವನ್ನು ತನ್ನ ರಕ್ಷಿತ ನಾಡೆಂದು ಘೋಷಿಸಿತು. 1907ರಲ್ಲಿ ಅದರ ಹೆಸರು ನ್ಯಾಸಾಲ್ಯಾಂಡ್ ಆಯಿತು. ಶಿರೆ ಎತ್ತರನಾಡಿನ ಫಲವತ್ತಾದ ಭೂಮಿ ಐರೋಪ್ಯ ಎಸ್ಟೇಟುಗಳ ಪಾಲಾಯಿತು. ಎಸ್ಟೇಟಿನೊಳಗೆ ಉಳಿದ ಆಫ್ರಿಕನ್ ಕುಟುಂಬಗಳು ನೆಲದ ಬಾಡಿಗೆಗೆ ಬದಲಾಗಿ ದುಡಿಮೆ ಸಲ್ಲಿಸಬೇಕಿತ್ತು. ‘ತಂಗಾಟ’ ಎಂಬ ಈ ಪದ್ಧತಿಯ ಕ್ರೌರ್ಯದ ವಿರುದ್ಧ 1915ರ ಜನವರಿಯಲ್ಲಿ ಪಾದ್ರಿ ಜಾನ್ ಚಿಲೆಂಬ್ವೆ ಬಂಡೆದ್ದ. ಮಗೊಮೆರೊ ಎಸ್ಟೇಟಿನ ವ್ಯವಸ್ಥಾಪಕ ಹತನಾದ. ದಂಗೆಯನ್ನು ಕೆಲವೇ ದಿನಗಳಲ್ಲಿ ಹತ್ತಿಕ್ಕಲಾಯಿತು. ಆ ಬಂಡಾಯ ನಡೆದದ್ದು ಇಂದಿನ ತೊಗರಿ ಸೀಮೆಯಾದ ಚಿರಾಡ್ಜುಲುವಿನಲ್ಲಿ. ಆಳಂದ ಆಗ ಹೈದರಾಬಾದ್ ಸಂಸ್ಥಾನದ ಪಾಯಗಾ ಪ್ರದೇಶ. ನಿಜಾಮರ ಖಜಾನೆಗೆ ನೇರವಾಗಿ ಸೇರದೆ, ಪಾಯಗಾ ಮನೆತನದ ಅಮೀರರು ಕಂದಾಯ ಎತ್ತುತ್ತಿದ್ದ ನೆಲ. ಎರಡೂ ಕಡೆ ರೈತನಿಗೂ ಸರ್ಕಾರಕ್ಕೂ ನಡುವೆ ಒಬ್ಬ ಒಡೆಯ ನಿಂತಿದ್ದ.

ಆ ಒಡೆಯ ಹೋದ ಬಗೆ ಬೇರೆ ಬೇರೆ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1949ರಲ್ಲಿ ಜಹಗೀರು ರದ್ದಾಯಿತು. 1950ರಲ್ಲಿ ಗೇಣಿ ಕಾಯ್ದೆ ಬಂತು. 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯವನ್ನು ಸೇರಿತು. ಮಲಾವಿ 1953ರಿಂದ 1963ರವರೆಗೆ ರೊಡೇಷಿಯಾಗಳೊಂದಿಗಿನ ಒಕ್ಕೂಟದಲ್ಲಿ ಸಿಕ್ಕಿಕೊಂಡು, ಅದನ್ನು ಮುರಿದು, 1964ರ ಜುಲೈ 6ರಂದು ಸ್ವತಂತ್ರವಾಯಿತು. ಹೇಸ್ಟಿಂಗ್ಸ್ ಕಮುಜು ಬಾಂಡಾ ಮೊದಲು ಪ್ರಧಾನಿ, 1966ರಲ್ಲಿ ಅಧ್ಯಕ್ಷ, 1971ರಲ್ಲಿ ಆಜೀವ ಅಧ್ಯಕ್ಷ. ಒಂದೇ ಪಕ್ಷದ ಆಳ್ವಿಕೆಯಲ್ಲಿ ಎಸ್ಟೇಟುಗಳು ಕರಗುವ ಬದಲು ಹೆಚ್ಚಿದವು. ಒಡೆಯರು ಬದಲಾದರು, ಅಷ್ಟೆ. 1975ರಲ್ಲಿ ರಾಜಧಾನಿ ಝೋಂಬಾದಿಂದ ಲಿಲೊಂಗ್ವೆಗೆ ಹೋಯಿತು. 1993ರ ಜನಮತಗಣನೆಯಲ್ಲಿ ಜನ ಬಹುಪಕ್ಷ ವ್ಯವಸ್ಥೆಯನ್ನು ಆರಿಸಿದರು. 1994ರ ಚುನಾವಣೆಯಲ್ಲಿ ಬಾಂಡಾ ಸೋತು ಬಕಿಲಿ ಮುಲುಜಿ ಅಧ್ಯಕ್ಷರಾದರು.

ಆನಂತರದ ಮಲಾವಿಯ ಪ್ರಜಾಪ್ರಭುತ್ವ ಬಡ ದೇಶವೆಂಬ ಕಾರಣಕ್ಕೆ ಕಡೆಗಣಿಸುವಂಥದ್ದಲ್ಲ. 2019ರ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ಅಕ್ರಮದ ಕಾರಣಕ್ಕೆ 2020ರ ಫೆಬ್ರುವರಿಯಲ್ಲಿ ಸಾಂವಿಧಾನಿಕ ನ್ಯಾಯಾಲಯ ರದ್ದುಪಡಿಸಿತು. ಜೂನ್‌ನಲ್ಲಿ ನಡೆದ ಮರುಚುನಾವಣೆಯಲ್ಲಿ ಅಧಿಕಾರದಲ್ಲಿದ್ದ ಪೀಟರ್ ಮುಥರಿಕಾ ಸೋತು ಲಜಾರಸ್ ಚಕ್ವೇರಾ ಗೆದ್ದರು. 2025ರ ಸೆಪ್ಟೆಂಬರ್‌ನಲ್ಲಿ ಜನ ಚಕ್ವೇರಾರನ್ನು ಇಳಿಸಿ ಮತ್ತೆ ಮುಥರಿಕಾರನ್ನು ತಂದರು. ಆದರೆ ಸ್ಥಳೀಯ ಆಡಳಿತದ ಕಥೆ ಬೇರೆ. 28 ಜಿಲ್ಲೆಗಳ ಕೌನ್ಸಿಲ್‌ಗಳಿಗೆ 2000ದಲ್ಲಿ ನಡೆದ ಚುನಾವಣೆ ಮತ್ತೆ ನಡೆದದ್ದು 2014ರಲ್ಲಿ. ನಡುವಿನ ಕಾಲದಲ್ಲಿ ಹಳ್ಳಿಯ ಆಡಳಿತ ಅಧಿಕಾರಿಗಳ ಮತ್ತು ಸಾಂಪ್ರದಾಯಿಕ ಮುಖ್ಯಸ್ಥರ ಕೈಯಲ್ಲೇ ಉಳಿಯಿತು. ಊರ ಹೊಲ ಹಂಚುವ ಅಧಿಕಾರ ಇಂದಿಗೂ ಬಹುಮಟ್ಟಿಗೆ ಊರ ಮುಖ್ಯಸ್ಥನದು. 2016ರ ಸಾಂಪ್ರದಾಯಿಕ ಭೂ ಕಾಯ್ದೆ ಅದನ್ನು ಸಮಿತಿಗಳಿಗೆ ವರ್ಗಾಯಿಸಲು ಹೊರಟಿದೆ. ಇದನ್ನು ಕರ್ನಾಟಕದವರು ಮೇಲಿನಿಂದ ನೋಡುವಂತಿಲ್ಲ. 1987ರಲ್ಲಿ ಜಿಲ್ಲಾ ಪರಿಷತ್ತು ಕಟ್ಟಿದ ರಾಜ್ಯದಲ್ಲೇ, 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಚುನಾವಣೆ ವರ್ಷಗಟ್ಟಲೆ ನಡೆಯದೆ ಉಳಿಯಿತು.

ಕಲಬುರಗಿಯ ವಿಶೇಷವೆಂದರೆ ಅದರ ಹಿಂದುಳಿದಿರುವಿಕೆಗೆ ಸಂವಿಧಾನದ ಒಪ್ಪಿಗೆಯಿದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತು. ಮುಂದೆ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂದು ಪ್ರತ್ಯೇಕ ಅಭಿವೃದ್ಧಿ ಮಂಡಳಿ, ನೌಕರಿ ಮತ್ತು ಶಿಕ್ಷಣದಲ್ಲಿ ಮೀಸಲಾತಿ ದೊರೆತವು. ತಾನು ಹಿಂದುಳಿದಿದ್ದೇನೆ ಎಂದು ಹಕ್ಕಿನಿಂದ ಹೇಳಿ ಪಾಲು ಕೇಳಲು ಒಂದು ದೊಡ್ಡ ಒಕ್ಕೂಟ ಬೇಕು. ಮಲಾವಿಗೆ ಅಂಥ ಒಕ್ಕೂಟವಿಲ್ಲ. ಅದು ಕೇಳುವುದು ಸಾಲ ಮತ್ತು ನೆರವು.

6. ಅರ್ಥವ್ಯವಸ್ಥೆ: ಯಾರ ಬೆಳೆ, ಯಾರ ಬೆಲೆ

ಮಲಾವಿಯ ರಫ್ತು ಗಳಿಕೆಯ ಸುಮಾರು ಅರ್ಧ ತಂಬಾಕಿನದು. ಉಳಿದದ್ದು ಥ್ಯೋಲೋ–ಮುಲಾಂಜೆಯ ಚಹಾ, ಸಕ್ಕರೆ, ಸೋಯಾ, ಶೇಂಗಾ, ತೊಗರಿ. ಬಾಂಡಾ ಕಾಲದಲ್ಲಿ ಬರ್ಲಿ ತಂಬಾಕು ಬೆಳೆಯುವ ಹಕ್ಕು ಎಸ್ಟೇಟುಗಳಿಗೆ ಮೀಸಲಾಗಿತ್ತು. ಸಣ್ಣ ರೈತರಿಗೆ ಅದು ದಕ್ಕಿದ್ದು 1990ರ ನಂತರ. 1971ರಲ್ಲಿ ಸ್ಥಾಪನೆಯಾದ ಸರ್ಕಾರಿ ನಿಗಮ ‘ಅಡ್‌ಮಾರ್ಕ್’ ಸಣ್ಣ ರೈತರ ಬೆಳೆಯನ್ನು ರಫ್ತು ಬೆಲೆಗಿಂತ ಬಹಳ ಕಡಿಮೆಗೆ ಕೊಂಡು, ಉಳಿದ ಲಾಭವನ್ನು ಎಸ್ಟೇಟುಗಳಿಗೂ ಕಂಪನಿಗಳಿಗೂ ಸಾಲವಾಗಿ ಹರಿಸಿತು. ಸರ್ಕಾರಿ ಖರೀದಿ ಎಂದರೆ ನಮ್ಮ ರೈತನಿಗೆ ನೆನಪಾಗುವುದು ಬೆಂಬಲ. ಮಲಾವಿಯ ಹಳೆಯ ರೈತನಿಗೆ ನೆನಪಾಗುವುದು ಕಸಿತ.

ತೊಗರಿಯ ವ್ಯಾಪಾರದ ಹಿಂದೆ ಇನ್ನೊಂದು ಭಾರತೀಯ ಎಳೆಯಿದೆ. 19ನೇ ಶತಮಾನದ ಕೊನೆಯಿಂದ ಅಲ್ಲಿ ನೆಲೆಸಿದ ಗುಜರಾತಿ ಮೂಲದ ವ್ಯಾಪಾರಿಗಳು ಹಳ್ಳಿ ಹಳ್ಳಿಯಲ್ಲಿ ಅಂಗಡಿ ಇಟ್ಟಿದ್ದರು. 1970ರ ದಶಕದಲ್ಲಿ ಬಾಂಡಾ ಸರ್ಕಾರ ಅವರನ್ನು ಹಳ್ಳಿಗಳಿಂದ ತೆರವು ಮಾಡಿಸಿ ಬ್ಲಾಂಟೈರ್, ಝೋಂಬಾ, ಲಿಲೊಂಗ್ವೆ ನಗರಗಳಿಗೆ ಸೀಮಿತಗೊಳಿಸಿತು. ಬ್ಲಾಂಟೈರ್–ಲಿಂಬೆಯ ಬೇಳೆ ಗಿರಣಿಗಳು ಬೆಳೆದದ್ದು ಈ ನಗರ ವ್ಯಾಪಾರದಲ್ಲಿ. ಇಂದು ರೈತ ಮತ್ತು ಗಿರಣಿಯ ನಡುವೆ ಸೈಕಲ್ಲಿನಲ್ಲಿ ಚೀಲ ಹೊರುವ ಸಣ್ಣ ಖರೀದಿದಾರ, ಪಟ್ಟಣದ ದಲ್ಲಾಳಿ, ರಫ್ತುದಾರ ಎಂಬ ಮೂರು ಮೆಟ್ಟಿಲು. ಬಹಿರಂಗ ಹರಾಜು ಇರುವುದು ತಂಬಾಕಿಗೆ, ತೊಗರಿಗೆ ಇಲ್ಲ. ಕಲಬುರಗಿಯಲ್ಲೂ ದಲ್ಲಾಳಿ ಇದ್ದಾನೆ; ತೂಕ, ತೇವಾಂಶ, ಕಮಿಷನ್ ಬಗ್ಗೆ ದೂರುಗಳಿವೆ. ಆದರೆ ಎಪಿಎಂಸಿಯ ಟೆಂಡರು ಫಲಕದಲ್ಲಿ ಇವತ್ತಿನ ಧಾರಣೆ ಬರೆದಿರುತ್ತದೆ. ಅದು ಸೊಲ್ಲಾಪುರ, ಲಾತೂರಿನ ಧಾರಣೆಯೊಂದಿಗೆ ಮೊಬೈಲಿನಲ್ಲೇ ತಾಳೆಯಾಗುತ್ತದೆ. 2002ರಿಂದ ಕಲಬುರಗಿಯಲ್ಲಿ ತೊಗರಿಗಾಗಿಯೇ ಒಂದು ಅಭಿವೃದ್ಧಿ ಮಂಡಳಿಯೂ ಇದೆ.

7. ದಿಲ್ಲಿಯ ಅಧಿಸೂಚನೆ, 2015–2025

ಎರಡು ಸೀಮೆಗಳ ನಿಜವಾದ ಪರೀಕ್ಷೆ ಕಳೆದ ದಶಕದಲ್ಲಿ ನಡೆಯಿತು. 2015ರಲ್ಲಿ ಭಾರತದಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಗಾಬರಿಗೊಂಡ ಕೇಂದ್ರ ಸರ್ಕಾರ 2016ರಲ್ಲಿ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತು. ಆಫ್ರಿಕಾದ ರೈತರು ಆ ಸಂಕೇತ ನಂಬಿ ತೊಗರಿ ಹೆಚ್ಚಿಸಿದರು. ನಮ್ಮ ರೈತರೂ ಹೆಚ್ಚಿಸಿದರು. 2015–16ರಲ್ಲಿ ಸುಮಾರು 25 ಲಕ್ಷ ಟನ್ ಇದ್ದ ಭಾರತದ ಉತ್ಪಾದನೆ 2016–17ರಲ್ಲಿ 48 ಲಕ್ಷ ಟನ್ ದಾಟಿತು. ಬೋನಸ್ ಸೇರಿ ಕ್ವಿಂಟಲಿಗೆ 5,050 ರೂಪಾಯಿ ಇದ್ದ ಬೆಂಬಲ ಬೆಲೆಗಿಂತ ಪೇಟೆಯ ಧಾರಣೆ ಕೆಳಗಿಳಿಯಿತು. ಖರೀದಿ ಕೇಂದ್ರಗಳ ಮುಂದೆ ಚೀಲಗಳ ಸಾಲು ಬೆಳೆಯಿತು. 2017ರ ಆಗಸ್ಟ್ 5ರಂದು ಕೇಂದ್ರ ಸರ್ಕಾರ ತೊಗರಿ ಆಮದನ್ನು ವರ್ಷಕ್ಕೆ 2 ಲಕ್ಷ ಟನ್ನಿಗೆ ಮಿತಿಗೊಳಿಸಿತು. ಸರ್ಕಾರಗಳ ನಡುವಿನ ಒಪ್ಪಂದಕ್ಕೆ ವಿನಾಯಿತಿ ಇದ್ದುದರಿಂದ ಮೊಜಾಂಬಿಕ್‌ಗೆ ಒಂದು ಬಾಗಿಲು ತೆರೆದಿತ್ತು. ಒಪ್ಪಂದವಿಲ್ಲದ ಮಲಾವಿಗೆ ಅದೂ ಇರಲಿಲ್ಲ.

ಆ ದಿನಾಂಕವನ್ನು ಹಂಗಾಮಿನ ಮೇಲಿಟ್ಟು ನೋಡಬೇಕು. ಆಗಸ್ಟ್ ಎಂದರೆ ಮಲಾವಿಯಲ್ಲಿ ತೊಗರಿ ಕೊಯ್ಲಿನ ನಡುಗಾಲ. ಬಿತ್ತುವಾಗ ಇದ್ದ ಮಾರುಕಟ್ಟೆ ಕೊಯ್ಯುವಾಗ ಮುಚ್ಚಿತ್ತು. ಹೊಲದ ಬಾಗಿಲಿನ ಬೆಲೆ ಕುಸಿಯಿತು. ಅಲ್ಲಿನ ಸರ್ಕಾರ ಘೋಷಿಸುವ ಕನಿಷ್ಠ ಬೆಲೆಗೆ ಖರೀದಿಯ ಬಲವಿಲ್ಲದ್ದರಿಂದ ಅದು ಕಾಗದದ ಮೇಲೆ ಉಳಿಯಿತು. ಆಳಂದದ ರೈತ ಅದೇ ವರ್ಷ ನಷ್ಟ ಕಂಡ. ಆದರೆ ಅವನ ನಷ್ಟಕ್ಕೆ ಉತ್ತರವಾಗಿಯೇ ಆ ಅಧಿಸೂಚನೆ ಹೊರಟಿತು. ಮಲಾವಿಯ ರೈತನ ನಷ್ಟ ಆ ಉತ್ತರದ ಇನ್ನೊಂದು ಮುಖ.

2021ರ ಮೇ 15ರಂದು, ಬೇಳೆ ಬೆಲೆ ಮತ್ತೆ ಏರಿದಾಗ, ನಿರ್ಬಂಧ ತೆಗೆದು ಆಮದನ್ನು ಮುಕ್ತಗೊಳಿಸಲಾಯಿತು. ಮುಕ್ತ ಆಮದಿನ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. ಅದೇ ವರ್ಷ ಮಲಾವಿ ಜೊತೆ ಐದು ವರ್ಷಗಳ ಒಪ್ಪಂದವಾಯಿತು: ವರ್ಷಕ್ಕೆ 50,000 ಟನ್. ಮೊಜಾಂಬಿಕ್‌ನ ಪಾಲು 2 ಲಕ್ಷ ಟನ್, ಮ್ಯಾನ್ಮಾರ್‌ನದು 1 ಲಕ್ಷ ಟನ್. 2024–25ರಲ್ಲಿ ಭಾರತದ ತೊಗರಿ ಆಮದು 10 ಲಕ್ಷ ಟನ್ ಮೀರಿತು. ಈಗ ಒತ್ತಡ ಬಿದ್ದದ್ದು ಕಲಬುರಗಿಯ ಮೇಲೆ. ಬೆಂಬಲ ಬೆಲೆ 2023–24ರಲ್ಲಿ 7,000, 2024–25ರಲ್ಲಿ 7,550, 2025–26ರಲ್ಲಿ 8,000 ರೂಪಾಯಿಗೆ ಏರುತ್ತಿದ್ದಾಗಲೇ ಸುಂಕವಿಲ್ಲದ ತೊಗರಿ ಬಂದರಿನಲ್ಲಿ ಇಳಿಯುತ್ತಿತ್ತು. ಒಂದು ಕೈ ಬೆಲೆ ಎತ್ತುವುದು, ಇನ್ನೊಂದು ಕೈ ಒತ್ತುವುದು, ಎರಡೂ ಒಂದೇ ಸರ್ಕಾರದ ಕೈಗಳು. ರೈತರಿಂದ ಮುಂಗಡ ನೋಂದಣಿ ಮಾಡಿಸಿ ಖರೀದಿಸುವ ಜಾಲತಾಣ 2024ರ ಜನವರಿಯಲ್ಲಿ ಬಂತು. ಬೇಳೆಕಾಳುಗಳ ಸ್ವಾವಲಂಬನೆಗೆ 11,440 ಕೋಟಿ ರೂಪಾಯಿಯ ಆರು ವರ್ಷಗಳ ಯೋಜನೆ 2025ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಭಾರತ ಸ್ವಾವಲಂಬಿಯಾದ ದಿನ ಮಲಾವಿಯ ತೊಗರಿ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಆ ಯೋಜನೆಯಲ್ಲಿ ಜಾಗವಿಲ್ಲ. ಇರಬೇಕಾದ ಕಾರಣವೂ ದಿಲ್ಲಿಗಿಲ್ಲ.

8. ಉಪಸಂಹಾರ

ಮೇಲಿನ ವಿವರಗಳಿಂದ ಮೂರು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದು, ಸಣ್ಣ ದೇಶದ ರಾಜಕೀಯ ಗಡಿಯೂ ಅದರ ಬೆಳೆಯ ಮಾರುಕಟ್ಟೆಯ ಗಡಿಯೂ ಒಂದೇ ಅಲ್ಲ. ಮಲಾವಿಯ ಮತದಾರ ತನ್ನ ಅಧ್ಯಕ್ಷನನ್ನು ಇಳಿಸಬಲ್ಲ, ಅವನ ನ್ಯಾಯಾಲಯ ಚುನಾವಣೆಯನ್ನೇ ರದ್ದುಪಡಿಸಬಲ್ಲದು. ಆದರೆ ಅವನ ತೊಗರಿಯ ಬೆಲೆಯನ್ನು ಬದಲಿಸುವ ಸರ್ಕಾರ ಅವನ ಮತದ ಆಚೆಗಿದೆ. ಒಬ್ಬನೇ ದೊಡ್ಡ ಕೊಳ್ಳುಗನನ್ನು ನಂಬಿದ ದೇಶದ ಸ್ವಾತಂತ್ರ್ಯ ಅಷ್ಟರ ಮಟ್ಟಿಗೆ ಅಪೂರ್ಣ.

ಎರಡನೆಯದು, ಕಲಬುರಗಿಯ ರೈತನ ಸ್ಥಿತಿ ಉತ್ತಮವಾಗಿರುವುದು ಇಳುವರಿಯಿಂದಲ್ಲ, ಭೌಗೋಳಿಕ ಗುರುತಿನಿಂದಲೂ ಅಲ್ಲ. ಅವನ ಬೆನ್ನಿಗೆ ಬೆಂಬಲ ಬೆಲೆ, ಖರೀದಿ ಕೇಂದ್ರ, ಎಪಿಎಂಸಿ, 371(ಜೆ) ಮತ್ತು ಬೀದಿಗಿಳಿದರೆ ಕೇಳಿಸಿಕೊಳ್ಳಬೇಕಾದ ಸರ್ಕಾರವಿದೆ. ಆದರೆ ಇದೇ ಸರ್ಕಾರಕ್ಕೆ ನಗರದ ಗ್ರಾಹಕನೂ ಮತದಾರ. ಬೇಳೆಯ ಬೆಲೆ ಏರಿದಾಗ ಆಳಂದದ ಹೊಲಕ್ಕಿಂತ ಬೆಂಗಳೂರಿನ, ದಿಲ್ಲಿಯ ಅಡುಗೆಮನೆ ಮೊದಲು ಕೇಳಿಸುತ್ತದೆ. ಮತ ಇದ್ದೂ ಅವನ ಮಾತು ಅರ್ಧವೇ ಸಲ್ಲುತ್ತದೆ.

ಮೂರನೆಯದು ನೀತಿಗೆ ಸಂಬಂಧಿಸಿದ್ದು. ಆಮದನ್ನು ವರ್ಷದ ನಡುವೆ ತೆರೆಯುವುದು, ಮುಚ್ಚುವುದು ಎರಡೂ ಸೀಮೆಗಳಿಗೆ ಹಾನಿಕರ. ಮೂಲ ಸಮಸ್ಯೆ ಆಮದಿನ ಪ್ರಮಾಣಕ್ಕಿಂತ ಅದರ ಅನಿಶ್ಚಿತತೆ. ಎರಡೂ ಕಡೆ ಬಿತ್ತನೆಗೆ ಮುನ್ನ ತಿಳಿಯುವಂತೆ, ಬೆಂಬಲ ಬೆಲೆಗೆ ಹೊಂದಿಸಿದ ಸುಂಕವನ್ನು ಹಲವು ವರ್ಷಗಳಿಗೆ ಮೊದಲೇ ಘೋಷಿಸಿದರೆ ಆಳಂದದ ರೈತನಿಗೆ ಧಾರಣೆಯ ನೆಲಗಟ್ಟು ಸಿಗುತ್ತದೆ. ಫಲೊಂಬೆಯ ರೈತ ಮಹಿಳೆ ತೊಗರಿ ಬಿತ್ತಬೇಕೋ ಬೇಡವೋ ಎಂಬುದನ್ನು ತಿಳಿದು ನಿರ್ಧರಿಸಬಲ್ಲಳು. ಮಲಾವಿಯ ಸರ್ಕಾರ ತನ್ನ ಬೇಳೆಗೆ ಭಾರತದ ಹೊರಗೂ ಕೊಳ್ಳುಗರನ್ನು ಹುಡುಕುವುದು, ಕರ್ನಾಟಕ ಸರ್ಕಾರ ತೊಗರಿಯ ಜೊತೆ ಹೆಸರು, ಉದ್ದು, ಜೋಳಗಳ ಮಿಶ್ರ ಪದ್ಧತಿಗೆ ಪ್ರೋತ್ಸಾಹ ಕೊಡುವುದು ಇದರ ಜೊತೆಗೇ ಆಗಬೇಕಾದ ಕೆಲಸ. ಮಿಶ್ರ ಬೆಳೆಯ ವಿಷಯದಲ್ಲಿ ಕಲಿಯಬೇಕಾದವರು ನಾವು: ತೊಗರಿಗೆ ಬೆಲೆ ಬಾರದ ವರ್ಷವೂ ಮಲಾವಿಯ ಹೊಲ ಮೆಕ್ಕೆಜೋಳ ಕೊಡುತ್ತದೆ, ಇಡೀ ಹೊಲಕ್ಕೆ ತೊಗರಿ ಬಿತ್ತಿದ ನಮ್ಮ ರೈತನಿಗೆ ಆ ಆಸರೆ ಉಳಿದಿಲ್ಲ.